ಕೇಳಿ, ಹೇಳ್ತೇನೆ: ಊರು ಬೆಳೆದರೆ ಆನೆ ಎಲ್ಲಿ ದಾಟಬೇಕು?

ಹೋದ ಸಂಚಿಕೆಯಲ್ಲಿ ಕಾರಿಡಾರ್, ಅಂದರೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಪ್ರಾಣಿಗಳು ಓಡಾಡುವ ದಾರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಬೈದು ಬರೆದವರಿಗೆ ಮುಂದೆ ಯಾವಾಗಲಾದರೂ ಉತ್ತರಿಸುತ್ತೇನೆ. ಕೇಳಿ ಬರೆದವರಿಗೆ ಈಗ. ಹೊಸ ಓದುಗರಿಗೆ ಒಂದು ಮಾತು: ನಾನು ಕಾಡಿನ ಗಡಿಯಲ್ಲಿ ಸರ್ವೆ ಸರಪಳಿ ಎಳೆದು ನಿವೃತ್ತನಾದವನು. ಈಗ ಕೊಡಗಿನ ಅಮ್ಮತ್ತಿ ಹತ್ತಿರ ಸ್ವಲ್ಪ ಕಾಫಿ ಇದೆ, ಆನೆ ಕಾಟವೂ ಇದೆ.

ಪ್ರಶ್ನೆ: ಸಿಂಗಪುರದಲ್ಲಿ ಹೆದ್ದಾರಿಯ ಮೇಲೆ ಪ್ರಾಣಿಗಳಿಗೇ ಸೇತುವೆ ಕಟ್ಟಿದ್ದಾರಂತೆ. ನಮ್ಮ ಕುಶಾಲನಗರ ದಿನೇ ದಿನೇ ಬೆಳೆಯುತ್ತಿದೆ. ಮಡಿಕೇರಿ ರಸ್ತೆಯಲ್ಲಿ ಅಂಥದ್ದೊಂದು ಕಟ್ಟಿದರೆ ಆಗುವುದಿಲ್ಲವೇ? — ಶಾಲಾ ಶಿಕ್ಷಕಿ, ಕುಶಾಲನಗರ

ಆಗುತ್ತದೆ ಮೇಡಂ. ಆದರೆ ಅದು ಕೊನೆಯ ಕೆಲಸ, ಮೊದಲನೆಯದಲ್ಲ.

ಸಿಂಗಪುರದ ಕಥೆಯನ್ನು ಪೂರ್ತಿ ನೋಡಿ. 1980ರ ದಶಕದಲ್ಲಿ ಅಲ್ಲಿ ಒಂದು ಎಕ್ಸ್‌ಪ್ರೆಸ್ ರಸ್ತೆ ಬಂದು ಒಂದೇ ಕಾಡು ಎರಡು ತುಂಡಾಯಿತು. ಆಮೇಲೆ 2013ರಲ್ಲಿ ಸುಮಾರು 62 ಮೀಟರ್ ಉದ್ದದ ಸೇತುವೆ ಮುಗಿಸಿ, ಮಣ್ಣು ತುಂಬಿ, ಅಲ್ಲಿಯದೇ ಮರಗಿಡ ನೆಟ್ಟರು. ಚಿಪ್ಪುಹಂದಿ ಕೂಡ ದಾಟುತ್ತಿದೆ. ಇದು ಯಾಕೆ ಕೆಲಸ ಮಾಡಿತು? ಸೇತುವೆಯ ಎರಡೂ ತುದಿಯಲ್ಲಿ ಇರುವುದು ರಕ್ಷಿತ ಕಾಡು. ಅಲ್ಲಿ ನಾಳೆ ಯಾರೂ ಲೇಔಟ್ ಮಾಡುವ ಹಾಗಿಲ್ಲ. ನಾವು ಕೋಟಿಗಟ್ಟಲೆ ಸುರಿದು ಸೇತುವೆ ಕಟ್ಟಿ, ಆಚೆ ತುದಿಯಲ್ಲಿ ಒಂದು ರೆಸಾರ್ಟಿನ ಗೇಟು ಬಂದರೆ ಆನೆ ಏನು ಮಾಡಬೇಕು, ರೂಮು ಬುಕ್ ಮಾಡಬೇಕಾ?

ಈಗ ನಿಮ್ಮ ಊರಿಗೆ ಬರೋಣ. ನೀವು ಮಡಿಕೇರಿಗೆ ಹೋಗುವಾಗ ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡು ಸಿಗುತ್ತದೆ. ಹೆದ್ದಾರಿ ಆ ಕಾಡಿನ ನಡುವೆಯೇ ಹೋಗುತ್ತದೆ. ಹೊಳೆಯ ಕಡೆಗೆ ಮೀನುಕೊಲ್ಲಿ, ದುಬಾರೆ ಕಾಡು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಲ್ಲಿ ರಸ್ತೆಯ ಅಂಚು ನೋಡುತ್ತಾ ಹೋಗಿ. ಎಲ್ಲಾ ಕಡೆ ಲಂಟಾನ ಪೊದೆ ಒತ್ತಾಗಿ ಬೆಳೆದಿರುತ್ತದೆ. ಕೆಲವು ಕಡೆ ಮಾತ್ರ ಒಂದು ಆಳು ಅಗಲಕ್ಕೆ ಬಾಗಿಲು ತೆರೆದ ಹಾಗೆ ಜಾಗ ಬಿಟ್ಟಿರುತ್ತದೆ. ಮಣ್ಣು ನುಣುಪಾಗಿರುತ್ತದೆ. ಪಕ್ಕದ ಮರದಲ್ಲಿ ಎದೆಯೆತ್ತರಕ್ಕಿಂತ ಮೇಲೆ ಕೆಸರು ಒಣಗಿ ಅಂಟಿರುತ್ತದೆ, ಆನೆ ಮೈ ಉಜ್ಜಿಕೊಂಡದ್ದು. ಎದುರು ಬದಿಯಲ್ಲೂ ಅಂಥದ್ದೇ ಇನ್ನೊಂದು ಬಾಗಿಲು. ಕಾರಿಡಾರ್ ಅಂದರೆ ಅದೇ. ನಾವು ಹೊಸದಾಗಿ ಗೀಟು ಎಳೆಯಬೇಕಾಗಿಲ್ಲ. ಅವು ಆಗಲೇ ಎಳೆದಿವೆ. ಅದರ ಮೇಲೆ ನಾವು ಸೈಟು ಮಾಡದಿದ್ದರೆ ಸಾಕು.

ಹಾಗಾಗಿ ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಇಷ್ಟೇ: ಯಾವ ಸರ್ವೆ ನಂಬರಿನಲ್ಲಿ ದಾರಿ ತೀರಾ ಕಿರಿದಾಗಿದೆಯೋ ಅದನ್ನು ಗುರುತಿಸುವುದು, ಅಲ್ಲಿ ಭೂ ಪರಿವರ್ತನೆಗೆ ಅರ್ಜಿ ಬಂದಾಗ ತಡೆಯುವುದು. ಭೂ ಪರಿವರ್ತನೆ ಅಂದರೆ ಕೃಷಿ ಜಮೀನನ್ನು ಸೈಟು ಮಾಡಲು ಬದಲಾಯಿಸುವುದು. ಊರಿನ ಮಾಸ್ಟರ್ ಪ್ಲಾನ್ ಮಾಡುವಾಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತಾರೆ. ಆ ನೋಟೀಸನ್ನು ಓದುವವರೇ ಇಲ್ಲ. ನಿಮ್ಮ ಮಕ್ಕಳಿಗೆ ನಕ್ಷೆ ಓದಲು ಕಲಿಸಿ ಮೇಡಂ, ಒಂದು ಆಕ್ಷೇಪಣೆ ಪತ್ರ ಬರೆಸಿ. ಸೇತುವೆಗಿಂತ ಅಗ್ಗ.

ರಸ್ತೆ ಅಗಲವಾಗುವುದೇ ಆದರೆ ಮಾತ್ರ ಇಂಜಿನಿಯರ್‌ಗಳ ಹತ್ತಿರ ಹಟ ಹಿಡಿಯಬೇಕು. ಮಧ್ಯಪ್ರದೇಶ, ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನೇ ಕಂಬದ ಮೇಲೆ ಎತ್ತಿ, ಪ್ರಾಣಿಗಳು ಕೆಳಗೆ ಹೋಗಲು ಬಿಟ್ಟಿದ್ದಾರೆ. ಒಂದೊಂದು ಕಡೆ 750 ಮೀಟರ್ ಉದ್ದಕ್ಕೆ. ಹುಲಿ ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ನಮ್ಮಲ್ಲಿ ಒಂದು ಸಣ್ಣ ಮೋರಿ ಹಾಕಿ ಅದಕ್ಕೇ ‘ವನ್ಯಜೀವಿ ಮಾರ್ಗ’ ಅಂತ ಬೋರ್ಡು ಹೊಡೆದುಬಿಟ್ಟಾರು, ಹುಷಾರು.

ಪ್ರಶ್ನೆ: ಪಕ್ಕದ ಎಸ್ಟೇಟಿನವರು ಸುತ್ತಲೂ ಸೋಲಾರ್ ಬೇಲಿ ಹಾಕಿದರು. ಈಗ ಹಿಂಡು ಪೂರ್ತಿ ನನ್ನ ತೋಟಕ್ಕೇ ಬರುತ್ತದೆ. ನಾನೂ ಬೇಲಿ ಹಾಕಲೇ? ಇಲ್ಲ ಸರ್ಕಾರ ಇಡೀ ಕೊಡಗಿಗೇ ರೈಲು ಕಂಬಿಯ ಬೇಲಿ ಹಾಕಬಾರದೇ? — ಕಾಫಿ ಬೆಳೆಗಾರ, ಸಿದ್ದಾಪುರ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ನಾನೂ ಅದೇ ದೋಣಿಯಲ್ಲಿದ್ದೇನೆ. ನೀವು ಹಾಕಿದರೆ ಹಿಂಡು ನಿಮ್ಮ ಆಚೆ ಮನೆಯವರ ತೋಟಕ್ಕೆ ಹೋಗುತ್ತದೆ. ಅವರೂ ಹಾಕುತ್ತಾರೆ. ಕೊನೆಗೆ ಎಲ್ಲಾ ಬೇಲಿಗಳ ನಡುವೆ ಉಳಿಯುವುದು ಪಂಚಾಯಿತಿ ರಸ್ತೆ ಒಂದೇ. ಬೆಳಗ್ಗೆ ಏಳು ಗಂಟೆಗೆ ಕೆಲಸದವರು ನಡೆದು ಬರುವುದು, ಮಕ್ಕಳು ಬಸ್ಸಿಗೆ ಕಾಯುವುದು ಅದೇ ರಸ್ತೆಯಲ್ಲಿ ಅಲ್ವಾ?

ರೈಲು ಕಂಬಿ ಗಟ್ಟಿ, ಇಲ್ಲ ಅನ್ನುವುದಿಲ್ಲ. ಅದು ಇರಬೇಕಾದದ್ದು ಕಾಡಂಚಿನಲ್ಲಿ, ಅದೂ ಆನೆ ದಾರಿ ಇಲ್ಲದ ಕಡೆ. ದಾರಿಗೆ ಅಡ್ಡ ಹಾಕಿದರೆ ಆನೆ ಸುಮ್ನೆ ವಾಪಸ್ ಹೋಗುವುದಿಲ್ಲ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಕಡೆ ಒಂದು ಸಲಗ ಕಂಬಿ ಹತ್ತಿ ಕಾಡಿಗೆ ಮರಳಲು ಹೋಗಿ ಸಿಕ್ಕಿಹಾಕಿಕೊಂಡು ಸತ್ತಿತು. ಫೋಟೋ ನೀವೂ ನೋಡಿರುತ್ತೀರಿ. ಸೋಲಾರ್ ತಂತಿಯ ವಿಷಯಕ್ಕೆ ಬಂದರೆ, ಜಾಣ ಸಲಗ ಸೊಂಡಿಲು ಮಡಚಿಟ್ಟುಕೊಂಡು ದಂತದಿಂದ ತಂತಿ ಎತ್ತುತ್ತದೆ. ದಂತಕ್ಕೆ ಕರೆಂಟು ಹೊಡೆಯುವುದಿಲ್ಲ. ಇಲ್ಲವೇ ಒಣಮರ ಬೀಳಿಸಿ ಅದರ ಮೇಲೆ ಹೆಜ್ಜೆ ಇಡುತ್ತದೆ.

ಇನ್ನೊಂದು ಮಾತು ಇದೆ, ನಮ್ಮವರಿಗೆ ಇಷ್ಟವಾಗದ್ದು. ಕೊಡಗಿನಲ್ಲಿ ಆನೆ ಕಾಡಿನಿಂದ ತೋಟಕ್ಕೆ ‘ಬರುತ್ತದೆ’ ಅನ್ನುತ್ತೇವೆ. ಎಷ್ಟೋ ಆನೆಗಳು ಬರುವುದಲ್ಲ, ತೋಟದಲ್ಲೇ ಇವೆ. ತೋಟದಲ್ಲೇ ಮರಿ ಹಾಕಿ, ಆ ಮರಿಗಳು ತೋಟವೇ ಮನೆ ಅಂದುಕೊಂಡು ಬೆಳೆದಿವೆ. ನೆರಳಿದೆ, ಕೆರೆ ಇದೆ, ಹಲಸು ಇದೆ, ಹಗಲಲ್ಲಿ ಯಾರೂ ಇಳಿಯದ ಮೂಲೆ ಇದೆ. ಆನೆ ಲದ್ದಿಯಲ್ಲಿ ಕಾಫಿ ಬೀಜ ಮೊಳಕೆ ಒಡೆದದ್ದು ನಿಮ್ಮ ತೋಟದಲ್ಲೇ ಸಿಗುತ್ತದೆ, ಹುಡುಕಿ ನೋಡಿ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಅಂದರು. 2017ರಲ್ಲಿ 6,049 ಇತ್ತು. ಇಷ್ಟನ್ನೂ ಕಾಡಿಗೆ ಅಟ್ಟಿ ಬಾಗಿಲು ಹಾಕುತ್ತೇವೆ ಅನ್ನುವುದು ಭಾಷಣಕ್ಕೆ ಚೆಂದ.

ಮಾಡಬಹುದಾದದ್ದು ಹೀಗೆ. ಒಬ್ಬೊಬ್ಬರೇ ಬೇಲಿ ಹಾಕಬೇಡಿ. ಅಕ್ಕಪಕ್ಕದ ನಾಲ್ಕೈದು ತೋಟದವರು ಒಟ್ಟಿಗೆ ಕೂತು, ಹಿಂಡು ಎಲ್ಲಿಂದ ಹೊಕ್ಕು ಎಲ್ಲಿ ಹೊರಡುತ್ತದೆ ಅಂತ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ನನ್ನೂ ಲೈನ್‌ಮನೆಗಳಲ್ಲಿರುವ ಕೆಲಸದವರನ್ನೂ ಕೇಳಿ. ಮಾಲೀಕರಿಗಿಂತ ಅವರಿಗೆ ಜಾಸ್ತಿ ಗೊತ್ತು. ಮನೆ, ಲೈನ್‌ಮನೆ, ಕಣ, ಗೋಡೌನು ಇಷ್ಟಕ್ಕೆ ಮಾತ್ರ ಬಿಗಿ ಬೇಲಿ ಇರಲಿ. ತೋಡಿನ (ಸಣ್ಣ ಹಳ್ಳದ) ಪಕ್ಕ ಒಂದು ಪಟ್ಟಿಯನ್ನು ಬೇಲಿ ಇಲ್ಲದೆ ಬಿಡಿ, ಎಲ್ಲರ ತೋಟದಲ್ಲೂ ಅದು ಒಂದಕ್ಕೊಂದು ಸೇರುವ ಹಾಗೆ. ಆ ಪಟ್ಟಿಯಲ್ಲಿ ಹಲಸು, ಅತ್ತಿ ಇರಲಿ. ಮನೆ ಹತ್ತಿರದ ಮರದ ಹಲಸಿನ ಕಾಯನ್ನು ಎಳೆಯದರಲ್ಲೇ ಇಳಿಸಿಬಿಡಿ. ಎಲ್ಲಾ ಕಡಿದು ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಆನೆಗೆ ತಿನ್ನಲು ಏನೂ ಇಲ್ಲ, ಆಗ ಅದು ಗದ್ದೆಗೂ ಬಾಳೆಗೂ ನುಗ್ಗುತ್ತದೆ. ನಷ್ಟ ಪೂರ್ತಿ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಜೀವ ಹೋಗುವುದು ಕಮ್ಮಿಯಾಗುತ್ತದೆ. ಮತ್ತೆ, ಮನೆ ಲೈನಿನಿಂದ ಬೇಲಿಗೆ ನೇರ ಕರೆಂಟು ಕೊಡುವ ಯೋಚನೆ ಯಾರಾದರೂ ತಲೆಗೆ ಹಾಕಿದ್ದರೆ ಬಿಟ್ಟುಬಿಡಿ. ಅದು ಆನೆಯನ್ನೂ ಕೊಲ್ಲುತ್ತದೆ, ನಿಮ್ಮ ಕೆಲಸದವನನ್ನೂ ಕೊಲ್ಲುತ್ತದೆ, ನಿಮ್ಮನ್ನು ಜೈಲಿಗೂ ಕಳಿಸುತ್ತದೆ.

ಪ್ರಶ್ನೆ: ಕಾರಿಡಾರ್ ಎಷ್ಟು ಅಗಲ ಇರಬೇಕು? ಪರೀಕ್ಷೆಗೆ ಒಂದು ಅಂಕಿ ಬೇಕು ಸರ್. — ವಿದ್ಯಾರ್ಥಿ, ಪೊನ್ನಂಪೇಟೆ

ಒಂದು ಅಂಕಿ ಇಲ್ಲ ಮಾರಾಯ. ಯಾವ ಪ್ರಾಣಿ, ಎಷ್ಟು ದೂರ, ಇದರ ಮೇಲೆ ನಿಲ್ಲುತ್ತದೆ. ಆನೆ ಒಂದೇ ರಾತ್ರಿಯಲ್ಲಿ ಕಾರಿಡಾರ್ ದಾಟಿ ಮುಗಿಸುತ್ತದೆ. ಕಾಡುಪಾಪಕ್ಕೆ, ಕಪ್ಪೆಗೆ ಅದು ಆಗುವುದಿಲ್ಲ. ಅವು ಆ ಪಟ್ಟಿಯಲ್ಲೇ ಹುಟ್ಟಿ, ಬೆಳೆದು, ಮರಿ ಮಾಡಿ, ತಲೆಮಾರು ಕಳೆದು ಆಚೆ ತಲುಪಬೇಕು. ಆದ್ದರಿಂದ ಅವಕ್ಕೆ ದಾರಿ ಸಾಲದು, ಮನೆಯೇ ಬೇಕು. ದಾರಿ ಉದ್ದವಾದಷ್ಟೂ ಅಗಲವೂ ಜಾಸ್ತಿ ಬೇಕು.

ಆದರೆ ಸಣ್ಣ ಜಾಗ ಅಂತ ಹಗುರ ಮಾಡಬೇಡ. ಕೊಳ್ಳೇಗಾಲದ ಕಡೆ ಎಡೆಯರಳ್ಳಿ–ದೊಡ್ಡಸಂಪಿಗೆ ಕಾರಿಡಾರಿನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಕೊಂಡು ಅರಣ್ಯ ಇಲಾಖೆಗೆ ಕೊಟ್ಟ ಜಮೀನು 25 ಎಕರೆ ಚಿಲ್ಲರೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಾಡಿಗೂ ನಂಟು ಇರುವುದು ಆ ಜಾಗದಲ್ಲಿ. ಕುತ್ತಿಗೆ ಎಷ್ಟು ಸಪೂರವೋ ಅಷ್ಟು ಜೋಪಾನ. ಇದನ್ನೇ ಬರೆ, ಅಂಕ ಕೊಡದಿದ್ದರೆ ನಿನ್ನ ಮೇಷ್ಟ್ರಿಗೆ ಈ ಪುಟ ತೋರಿಸು.

ಪ್ರಶ್ನೆ: ಎಲ್ಲರೂ ಆನೆ ಆನೆ ಅನ್ನುತ್ತೀರಿ. ನಮಗಿರುವುದು ಪೇಟೆಯಲ್ಲಿ ಹತ್ತು ಸೆಂಟು ಜಾಗ. ನಾವೇನು ಮಾಡಬಹುದು? — ಗೃಹಿಣಿ, ವಿರಾಜಪೇಟೆ

ಒಳ್ಳೇ ಪ್ರಶ್ನೆ ಅಕ್ಕಾ. ನಿಮ್ಮ ಹಿತ್ತಲ ಹಿಂದೆ ತೋಡು ಇದೆಯಾ? ಇದ್ದರೆ ಅದಕ್ಕೆ ಎರಡೂ ಬದಿ ಕಾಂಕ್ರೀಟು ಹೊಡೆಸಬೇಡಿ. ಕೊಡಗಿನ ತೋಡುಗಳಲ್ಲಿ ಪುಟ್ಟ ಜಾತಿಯ ನೀರುನಾಯಿ ಇದೆ, ಏಡಿ ಹಿಡಿದು ತಿನ್ನುತ್ತದೆ. ಅದಕ್ಕೆ ನೀರೇ ರಸ್ತೆ. ಗೋಡೆ ಕಟ್ಟಿದರೆ ದಡ ಹತ್ತಲು ಜಾಗವಿಲ್ಲ, ಬಿಲಕ್ಕೂ ಜಾಗವಿಲ್ಲ. ಕಾಂಪೌಂಡು ಕಟ್ಟುವಾಗ ಬುಡದಲ್ಲಿ ಅಲ್ಲಲ್ಲಿ ಒಂದು ಕಲ್ಲಿನಷ್ಟು ಕಿಂಡಿ ಬಿಡಿ. ಹಿತ್ತಲ ಕಡೆ ರಾತ್ರಿಯಿಡೀ ಉರಿಯುವ ದೀಪ ಆರಿಸಿ.

ಮರದಿಂದ ಮರಕ್ಕೆ ಹಾರುವ ಕೆಂಜಳಿಲು ನೆಲಕ್ಕೆ ಇಳಿಯುವುದೇ ಅಪರೂಪ. ರಸ್ತೆ ಅಗಲ ಮಾಡಿ ಕೊಂಬೆ ತಪ್ಪಿಸಿದರೆ ಅದರ ಕಥೆ ಮುಗಿಯಿತು. ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗಾಗಿ ಹಳೇ ಫೈರ್ ಎಂಜಿನ್ ಪೈಪುಗಳನ್ನು ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ್ದಾರೆ, ಅವು ಆರಾಮಾಗಿ ದಾಟುತ್ತವೆ. ವಿರಾಜಪೇಟೆಯಲ್ಲೂ ಮಾಡಬಹುದು, ದೊಡ್ಡ ಖರ್ಚಿಲ್ಲ. ಮತ್ತೆ ನಿಮ್ಮ ಊರಿನ ದೇವರಕಾಡು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ಇವೆ. ಹಕ್ಕಿ, ಪುನುಗು ಬೆಕ್ಕು ಒಂದರಿಂದ ಇನ್ನೊಂದಕ್ಕೆ ತಂಗುತ್ತಾ ಹೋಗುವುದು ಅವುಗಳಲ್ಲೇ. ಹಬ್ಬಕ್ಕೆ ಹೋದಾಗ ದೇವಸ್ಥಾನಕ್ಕೆ ದೊಡ್ಡ ಮಂಟಪ ಬೇಕು, ವಾಹನ ನಿಲ್ಲಿಸಲು ಜಾಗ ಬೇಕು ಅಂತ ಯಾರಾದರೂ ಎದ್ದರೆ ನೀವು ಎದ್ದು ನಿಂತು ಬೇಡ ಅನ್ನಿ. ಹೆಂಗಸರು ಹೇಳಿದರೆ ಸಮಿತಿಯವರು ಸ್ವಲ್ಪ ಹೆದರುತ್ತಾರೆ.

ಪ್ರಶ್ನೆ: ಕಾರಿಡಾರ್ ಅಂತ ಘೋಷಿಸಿದರೆ ತಲೆಮಾರುಗಳಿಂದ ಬಂದ ನಮ್ಮ ಜಮ್ಮಾ ಹಿಡುವಳಿ ಜಾಗ ಹೋಗುತ್ತದಾ? — ಹೆಸರು ಬೇಡ, ಕುಟ್ಟ

ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೋಗುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ದೇಶದ 150 ಆನೆ ಕಾರಿಡಾರ್‌ಗಳ ವರದಿ ಕೊಟ್ಟಿತು, ಅದು ಗುರುತಿಸುವ ಕೆಲಸ. ಕಾನೂನಿನ ಅಧಿಸೂಚನೆ ಬೇರೆ. ನೀಲಗಿರಿಯ ಸಿಗೂರಿನಲ್ಲಿ ತಮಿಳುನಾಡು ಅಧಿಸೂಚನೆ ಹೊರಡಿಸಿತ್ತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಹೆಚ್ಚಿನ ಬಿಸಿ ತಟ್ಟಿದ್ದು ರೆಸಾರ್ಟುಗಳಿಗೆ. ಇನ್ನೊಂದು ದಾರಿ ನಿಮ್ಮ ಬೇಲಿ ಆಚೆಯೇ ಇದೆ: ಕೇರಳದ ಗಡಿ ದಾಟಿದರೆ ತಿರುನೆಲ್ಲಿ–ಕುದ್ರಕೋಟೆ ಕಾರಿಡಾರ್. ಅಲ್ಲಿ ಅದೇ ವೈಲ್ಡ್‌ಲೈಫ್ ಟ್ರಸ್ಟಿನವರು ಒಪ್ಪಿದ ಕುಟುಂಬಗಳಿಂದ ಜಾಗ ಕೊಂಡು, ಬೇರೆ ಕಡೆ ಮನೆ ಜಮೀನು ಕೊಟ್ಟು, 2015ರಲ್ಲಿ ಕೇರಳ ಸರ್ಕಾರಕ್ಕೆ ಒಪ್ಪಿಸಿದರು. ಒಂದು ಸಲ ಹೋಗಿ ಅಲ್ಲಿಂದ ಎದ್ದು ಹೋದವರನ್ನೇ ಮಾತಾಡಿಸಿ ಬನ್ನಿ. ನಿಮ್ಮ ಜಾಗದ ಬಗ್ಗೆ ಹೇಳಬೇಕಾದರೆ ಆರ್‌ಟಿಸಿ, ಸರ್ವೆ ಸ್ಕೆಚ್ಚು ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮೂಲ ಪ್ರತಿ ಬೇಡ, ಜೆರಾಕ್ಸ್ ಸಾಕು.