ಹಾಸ್ಟೆಲ್ ಮಕ್ಕಳೇ, ಆ ಚರ್ಚ್ ನಿಮ್ಮದೂ ಹೌದು

ಈ ಸಲ ಬಂದ ಪತ್ರಗಳಲ್ಲಿ ಮುಂಬಯಿಯ ಕಾಲೇಜುಗಳಲ್ಲಿ ಓದುತ್ತಿರುವ ಕನ್ನಡದ ಕಥೋಲಿಕ ಮಕ್ಕಳದ್ದು ಮತ್ತು ಅವರ ಮನೆಯವರದ್ದೇ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವುಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹಾಸನದವನು. ಮುಂಬಯಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರಲ್ಲಿ ಪೂಜೆ, ಜಪಸರ ಎಲ್ಲ ಕನ್ನಡದಲ್ಲೇ. ಇಲ್ಲಿ ಚರ್ಚಿಗೆ ಹೋದರೆ ಎಲ್ಲ ಇಂಗ್ಲಿಷ್. ಯಾರೂ ಮಾತಾಡಿಸುವುದಿಲ್ಲ, ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಬೇರೆಯವರ ಚರ್ಚಲ್ಲಿ ಕೂತ ಹಾಗೆ ಅನಿಸಿ ಈಗ ಹೋಗುವುದನ್ನೇ ಬಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಬೇರೆಯವರ ಚರ್ಚ್ ಅಂದಿರಲ್ಲ, ಮೊದಲು ಆ ಮಾತನ್ನೇ ಹಿಡಿಯೋಣ. ಅದು ಬೇರೆಯವರದ್ದಲ್ಲ. ನಿಮ್ಮನ್ನು ಸಮಾಧಾನ ಮಾಡಲು ಸುಮ್ನೆ ಹೇಳುತ್ತಿಲ್ಲ, ಧರ್ಮಸಭೆಯ ಕಾನೂನಿನಲ್ಲೇ ಇದೆ. 1983ರ ಧರ್ಮಸಭಾ ಕಾನೂನಿನ 102ನೇ ವಿಧಿ ನೋಡಿ. ಒಂದು ಧರ್ಮಕೇಂದ್ರದ, ಅಂದರೆ ಪ್ಯಾರಿಷ್‌ನ, ಗಡಿಯೊಳಗೆ ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದು ಉಳಿದುಕೊಂಡರೆ, ಅಥವಾ ಹಾಗೆಯೇ ಮೂರು ತಿಂಗಳು ಅಲ್ಲಿ ಕಳೆದರೆ, ಅಲ್ಲಿ ನಿಮಗೆ ಒಂದು ನೆಲೆ ಸಿಗುತ್ತದೆ. ಅಲ್ಲಿನ ಗುರುಗಳು ನಿಮಗೂ ಗುರುಗಳು. ಊರಿನ ಧರ್ಮಕೇಂದ್ರದ ಸಂಬಂಧವೂ ಕಡಿದು ಹೋಗುವುದಿಲ್ಲ, ಎರಡೂ ನಿಮ್ಮವೇ. ಹಾಸ್ಟೆಲ್ ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು ಬಿಟ್ಟು ಬೇರೇನೂ ಇಲ್ಲದ ಹುಡುಗನಿಗೂ, ಮೂರು ತಲೆಮಾರಿನಿಂದ ಅದೇ ಬೀದಿಯಲ್ಲಿರುವ ಮನೆತನಕ್ಕೂ ಈ ವಿಷಯದಲ್ಲಿ ಹಕ್ಕು ಒಂದೇ. ಇದು ಬಹಳಷ್ಟು ಮಕ್ಕಳಿಗೆ ಗೊತ್ತೇ ಇಲ್ಲ. ಯಾರೂ ಹೇಳುವುದೂ ಇಲ್ಲ, ಅದೇ ನನಗೆ ಬೇಜಾರು.

ಹಾಗಾದರೆ ಮಾಡಬೇಕಾದದ್ದೇನು? ವಾರದ ದಿನ ಧರ್ಮಕೇಂದ್ರದ ಆಫೀಸಿಗೆ ಹೋಗಿ. ಭಾನುವಾರ ಬೇಡ, ಆವತ್ತು ಅಲ್ಲಿ ಪೂಜೆಯ ಕೋರಿಕೆ ಬರೆಸುವವರು, ಸರ್ಟಿಫಿಕೇಟ್ ಕೇಳುವವರು ತುಂಬಿರುತ್ತಾರೆ. ಹೆಸರು, ಹಾಸ್ಟೆಲ್, ಫೋನ್ ನಂಬರ್ ಬರೆಸಿ. ಯುವಜನರ ಗುಂಪು ಯಾವಾಗ ಸೇರುತ್ತದೆ ಅಂತ ಕೇಳಿ. ಮುಂಬಯಿಯಲ್ಲಿ ಧರ್ಮಕೇಂದ್ರಗಳನ್ನು ಕಿರು ಕ್ರೈಸ್ತ ಸಮುದಾಯಗಳಾಗಿ ವಿಂಗಡಿಸಿರುತ್ತಾರೆ. ಅಕ್ಕಪಕ್ಕದ ಮನೆಯವರು ಸೇರಿ ಯಾರದಾದರೂ ಮನೆಯಲ್ಲಿ ಕೂತು ಶುಭಸಂದೇಶ ಓದುತ್ತಾರೆ. ನಿಮ್ಮ ಹಾಸ್ಟೆಲ್ ಯಾವುದರಲ್ಲಿ ಬರುತ್ತದೆ ಅಂತಲೂ ಕೇಳಿ. ಅಲ್ಲಿ ಒಂದು ಸಲ ಹೋಗಿ ಬಂದರೆ ಭಾನುವಾರ ನಗುವ ನಾಲ್ಕು ಮುಖಗಳಾದರೂ ಸಿಗುತ್ತವೆ.

ಭಾಷೆಯ ವಿಷಯ. ಆ ಭಾನುವಾರ ಹಾಸನದಲ್ಲಿ ನಿಮ್ಮ ತಾಯಿ ಕೇಳುವ ವಾಚನಗಳೇ ಮುಂಬಯಿಯಲ್ಲೂ ಓದುವುದು. ಶನಿವಾರ ರಾತ್ರಿ ಅವನ್ನು ಕನ್ನಡ ಬೈಬಲಿನಲ್ಲಿ ಓದಿಕೊಂಡು ಹೋಗಿ. ಪ್ರಸಂಗ ಅರ್ಧ ಅರ್ಥವಾದರೂ ಸಾಕು. ಪ್ರಾರ್ಥನೆ ಇಂಗ್ಲಿಷಿನಲ್ಲಿ ಬಾಯಿಗೆ ಬರದಿದ್ದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಮೆಲ್ಲಗೆ ಕನ್ನಡದಲ್ಲೇ ಹೇಳಿ, ಪಕ್ಕದವರು ಏನೂ ಅಂದುಕೊಳ್ಳುವುದಿಲ್ಲ. ಮುಂಬಯಿಯ ಚರ್ಚುಗಳಲ್ಲಿ ಕೊಂಕಣಿ, ಮರಾಠಿ, ತಮಿಳು, ಮಲಯಾಳಂ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಿಮ್ಮ ಹಾಗೆಯೇ ಮನಸ್ಸಿನೊಳಗೆ ತಮ್ಮ ಭಾಷೆಯಲ್ಲಿ ಹೇಳಿಕೊಳ್ಳುವವರು ಅಲ್ಲಿ ತುಂಬಾ ಜನ ಇದ್ದಾರೆ.

ಈ ಭಾನುವಾರವೇ ಹೋಗಿ. ಪೂಜೆ ಮುಗಿದ ಮೇಲೆ ಗೇಟಿನ ಕಡೆ ಓಡಬೇಡಿ, ಸ್ವಲ್ಪ ಹೊತ್ತು ನಿಲ್ಲಿ.

ಪ್ರಶ್ನೆ: ಮಗಳು ಪವಾಯಿಯಲ್ಲಿ ಓದುತ್ತಿದ್ದಾಳೆ. ಭಾನುವಾರ ಪ್ರಾಜೆಕ್ಟ್ ಇದೆ, ಪರೀಕ್ಷೆ ಇದೆ ಅಂತ ಪೂಜೆ ತಪ್ಪಿಸುತ್ತಾಳೆ. ನಾನು ಪ್ರತಿ ವಾರ ಫೋನ್ ಮಾಡಿ ಕೇಳುತ್ತೇನೆ, ಜಗಳವಾಗುತ್ತದೆ. ಇದು ಪಾಪ ಅಲ್ವಾ? (ಭದ್ರಾವತಿಯ ತಾಯಿ)

ಉತ್ತರ: ಅಮ್ಮ, ಭಾನುವಾರದ ಪೂಜೆ ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಬೇಕೆಂದೇ ತಪ್ಪಿಸುವುದು ಗಂಭೀರ ವಿಷಯವೇ. ಆದರೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಪೂಜೆಯೇ, ಧರ್ಮಸಭಾ ಕಾನೂನಿನ 1248ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಯಾವ ಕಥೋಲಿಕ ಚರ್ಚಿನಲ್ಲಾದರೂ ಸರಿ, ಪವಾಯಿಯ ಹೋಲಿ ಟ್ರಿನಿಟಿಯೇ ಆಗಬೇಕೆಂದಿಲ್ಲ. ನಿಜವಾದ ಅಡಚಣೆ ಇದ್ದರೆ, ಅಂದರೆ ಕಾಯಿಲೆ ಅಥವಾ ಬಿಡಲಾಗದ ಜವಾಬ್ದಾರಿ ಇದ್ದರೆ, ಆ ಕರ್ತವ್ಯ ಆವತ್ತಿಗೆ ಬಾಧಿಸುವುದಿಲ್ಲ. ಹತ್ತು ಗಂಟೆಗೆ ಪರೀಕ್ಷೆ ಇದ್ದರೆ ಹಿಂದಿನ ಸಂಜೆಯೋ ಅದೇ ದಿನ ಸಂಜೆಯೋ ಹೋಗಬಹುದು. ಬೆಳಗ್ಗೆ ಬಿಟ್ಟರೆ ಇಲ್ಲ ಅನ್ನುವ ಊರಿನ ಲೆಕ್ಕ ಇಲ್ಲಿಗೆ ಬೇಡ.

ಫೋನಿನ ವಿಷಯದಲ್ಲಿ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ‘ಪೂಜೆಗೆ ಹೋದೆಯಾ?’ ಅನ್ನುವುದೇ ಮೊದಲ ಪ್ರಶ್ನೆಯಾದರೆ ಮಕ್ಕಳು ಬೇಗ ಸುಳ್ಳು ಹೇಳಲು ಕಲಿಯುತ್ತಾರೆ. ಊಟ ಆಯ್ತಾ, ನಿದ್ದೆ ಆಯ್ತಾ ಕೇಳಿ. ನಿಮ್ಮ ಚರ್ಚಿನಲ್ಲಿ ಆವತ್ತು ಏನಾಯಿತು ಹೇಳಿ, ಯಾರ ಮಗುವಿನ ಜ್ಞಾನಸ್ನಾನ, ಹಾಡು ಹೇಗಿತ್ತು, ಇದನ್ನೆಲ್ಲ. ಆಮೇಲೆ ಬೇಕಾದರೆ ‘ನಿನಗೆ ಅಲ್ಲಿ ಯಾರಾದರೂ ಜೊತೆ ಇದ್ದಾರಾ?’ ಅಂತ ಕೇಳಿ. ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ಪೂಜೆ ತಪ್ಪಿಸುವುದು ಅಪನಂಬಿಕೆಯಿಂದ ಕಡಿಮೆ, ಒಬ್ಬಳೇ ಹೋಗಬೇಕಲ್ಲ ಅನ್ನುವುದರಿಂದ ಜಾಸ್ತಿ.

ಪ್ರಶ್ನೆ: ನಾನು ಉಡುಪಿಯ ಹಿಂದೂ ಹುಡುಗಿ. ರೂಮ್‌ಮೇಟ್ ಜೊತೆ ಬುಧವಾರ ಮಾಹಿಮ್ ಚರ್ಚಿನ ನೊವೇನಾ ಪ್ರಾರ್ಥನೆಗೆ ಹೋಗುತ್ತೇನೆ, ಮನಸ್ಸಿಗೆ ಹಿತ ಅನಿಸುತ್ತದೆ. ಒಂದು ದಿನ ಪೂಜೆಗೂ ಕೂತೆ. ಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಬೇಡ ಅಂತ ಅವಳು ಕೈ ಹಿಡಿದು ಕೂರಿಸಿದಳು. ಅವಮಾನ ಆಯಿತು. ನಾನು ಹೋಗಬಾರದೇ?

ಉತ್ತರ: ಖಂಡಿತ ಹೋಗಿ. ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ ಬುಧವಾರದ ನೊವೇನಾ ನಡೆಯುತ್ತಿರುವುದು 1948ರಿಂದ. ಎಲ್ಲ ಧರ್ಮದವರೂ ಬರುತ್ತಾರೆ. ಹೊರಗೆ ಮೇಣದ ಬೊಂಬೆ, ಮೇಣದ ಮನೆ, ಮೇಣದ ಕೈಕಾಲು ಮಾರುವವರ ಹತ್ತಿರ ಒಂದು ನಿಮಿಷ ನಿಂತು ನೋಡಿದ್ದೀರಾ? ಮಗು ಬೇಕೆಂದವರು ಬೊಂಬೆ ಕೊಳ್ಳುತ್ತಾರೆ, ಮನೆ ಬೇಕೆಂದವರು ಮನೆ. ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಶಿಲುಬೆ ಸರ ಹಾಕಿದವರು ಎಲ್ಲ ಒಂದೇ ಸಾಲಿನಲ್ಲಿರುತ್ತಾರೆ. ನಿಮ್ಮ ಪ್ರಾರ್ಥನೆಯನ್ನು ಅಲ್ಲಿ ಯಾರೂ ತಡೆಯುವುದಿಲ್ಲ.

ಪರಮಪ್ರಸಾದದ ವಿಷಯ ಬೇರೆ. ದೇವಸ್ಥಾನದಲ್ಲಿ ಬಂದವರಿಗೆಲ್ಲ ಕೊಡುವ ಪ್ರಸಾದದ ಹಾಗೆ ಅದು ಅಲ್ಲ. ಆ ರೊಟ್ಟಿ ಯೇಸುಸ್ವಾಮಿಯ ಶರೀರವೇ ಅಂತ ನಾವು ನಂಬುತ್ತೇವೆ. ಅದನ್ನು ಸ್ವೀಕರಿಸುವವರು ‘ಆಮೆನ್’ ಅಂದಾಗ ಆ ನಂಬಿಕೆಗೆ ಹೌದು ಅನ್ನುತ್ತಾರೆ, ಅದಕ್ಕೆ ಮೊದಲು ಜ್ಞಾನಸ್ನಾನ ಆಗಿರಬೇಕು. ನಮ್ಮ ಮಕ್ಕಳಿಗೂ ಮೊದಲ ಪರಮಪ್ರಸಾದಕ್ಕೆ ಮುಂಚೆ ತಿಂಗಳುಗಟ್ಟಲೆ ಪಾಠ ಇರುತ್ತದೆ, ಅಲ್ಲಿಯವರೆಗೆ ಅವರೂ ಬೆಂಚಿನಲ್ಲೇ ಕೂರುತ್ತಾರೆ. ನಿಮ್ಮ ಗೆಳತಿ ತಡೆದದ್ದು ಸರಿ, ಆದರೆ ಇದನ್ನು ಮೊದಲೇ ಪ್ರೀತಿಯಿಂದ ವಿವರಿಸಿ ಹೇಳಬೇಕಿತ್ತು. ಗೆಳೆಯರನ್ನು ಪೂಜೆಗೆ ಕರೆದುಕೊಂಡು ಹೋಗುವ ಎಲ್ಲ ಮಕ್ಕಳಿಗೂ ಇದೇ ಮಾತು: ಬಾಗಿಲಲ್ಲೇ ಹೇಳಿಬಿಡಿ, ಸಾಲಿನ ಮಧ್ಯೆ ಅಲ್ಲ.

ಪ್ರಶ್ನೆ: ನಮ್ಮದು ಸರ್ಕಾರಿ ಕಾಲೇಜು. ಕಥೋಲಿಕ ವಿದ್ಯಾರ್ಥಿಗಳ ಒಂದು ಗುಂಪು ಮಾಡಿದೆವು. ಮೊದಲು ಮೂವತ್ತು ಜನ ಬಂದರು, ಈಗ ಆರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಏನಿಲ್ಲ. ಅಮೆರಿಕದಲ್ಲಿ ಓದುವ ನನ್ನ ಅಕ್ಕ ಅಲ್ಲಿ ನ್ಯೂಮನ್ ಸೆಂಟರ್ ಇದೆ, ಅಲ್ಲೇ ಫಾದರ್ ಇರುತ್ತಾರೆ ಅನ್ನುತ್ತಾಳೆ. ನಮಗೆ ಯಾಕೆ ಇಲ್ಲ?

ಉತ್ತರ: ಆರು ಜನ ಇದ್ದಾರಲ್ಲ, ಗುಂಪು ಜೀವಂತ ಇದೆ.

ಅಕ್ಕ ಹೇಳಿದ್ದು ನಿಜ. ಅಮೆರಿಕದಲ್ಲಿ ಮೊದಲ ನ್ಯೂಮನ್ ಕ್ಲಬ್ ಶುರುವಾದದ್ದು 1893ರಲ್ಲಿ, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ. ಚರ್ಚಿನದ್ದಲ್ಲದ ಯೂನಿವರ್ಸಿಟಿಗೆ ಹೋದ ಕಥೋಲಿಕ ಮಕ್ಕಳು ತಾವೇ ಸೇರಿ ಕಟ್ಟಿದ್ದು ಅದು. ಕಟ್ಟಡ, ಪ್ರಾರ್ಥನಾಲಯ, ಅಲ್ಲೇ ಇರುವ ಗುರುಗಳು ಎಲ್ಲ ಬಂದದ್ದು ಆಮೇಲೆ. ನಮ್ಮಲ್ಲೂ ಅಂಥ ಪ್ರಯತ್ನ ಹೊಸದಲ್ಲ. ಆಲ್ ಇಂಡಿಯಾ ಕ್ಯಾಥೊಲಿಕ್ ಯೂನಿವರ್ಸಿಟಿ ಫೆಡರೇಷನ್, ಮಕ್ಕಳು ಐಕಫ್ ಅನ್ನುತ್ತಾರಲ್ಲ, ಅದು 1924ರಲ್ಲಿ ಯೇಸುಸಭೆಯ (ಜೆಸ್ವಿಟ್) ಫಾದರ್ ಪಿಯೇರ್ ಕಾರ್ಟಿ ಅವರಿಂದ ಶುರುವಾಯಿತು. ಬಡವರ ಪರ ನಿಲ್ಲುವುದು ಅವರ ಮುಖ್ಯ ಕೆಲಸ. ಕೇರಳದಲ್ಲಿ ಹುಟ್ಟಿದ ಜೀಸಸ್ ಯೂತ್ ಪ್ರಾರ್ಥನೆ ಮತ್ತು ಹಾಡಿನ ಕಡೆ ಜಾಸ್ತಿ ಒಲಿದದ್ದು, 2016ರಲ್ಲಿ ಅದಕ್ಕೆ ವ್ಯಾಟಿಕನ್ನಿನ ಮಾನ್ಯತೆ ಸಿಕ್ಕಿತು. ಎರಡರಲ್ಲಿ ಯಾರ ಜೊತೆಗಾದರೂ ಸಂಪರ್ಕ ಇಟ್ಟುಕೊಳ್ಳಿ.

ಸೇಂಟ್ ಝೇವಿಯರ್ಸ್, ಸೋಫಿಯಾದಂಥ ಕಾಲೇಜುಗಳಿಗೆ ಗುರುಗಳು, ಸಿಸ್ಟರ್‌ಗಳು ಹತ್ತಿರದಲ್ಲೇ ಇದ್ದಾರೆ. ಸರ್ಕಾರಿ ಕಾಲೇಜಿನ ನಿಮಗೆ ಹಾಗಿಲ್ಲ. ಆದರೆ ಧರ್ಮಸಭಾ ಕಾನೂನಿನ 813ನೇ ವಿಧಿ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಹೇಳುವುದು ನಿಮ್ಮ ಬಗ್ಗೆಯೇ. ವಿದ್ಯಾರ್ಥಿಗಳ ಆತ್ಮಿಕ ಆರೈಕೆ ನೋಡಿಕೊಳ್ಳಬೇಕು, ಕಥೋಲಿಕವಲ್ಲದ ಯೂನಿವರ್ಸಿಟಿಗಳ ಹತ್ತಿರವೂ ಅದಕ್ಕೆ ಕೇಂದ್ರಗಳಿರುವಂತೆ ನೋಡಬೇಕು ಅಂತ ಅದರಲ್ಲಿದೆ. ಆರೂ ಜನ ಸಹಿ ಹಾಕಿ ಒಂದು ಪುಟದ ಪತ್ರ ಬರೆದು ಹತ್ತಿರದ ಧರ್ಮಕೇಂದ್ರದ ಗುರುಗಳಿಗೆ ಕೊಡಿ. ತಿಂಗಳಿಗೆ ಒಂದು ಸಂಜೆ ಒಬ್ಬ ಗುರುಗಳು, ಕೂರಲು ಒಂದು ಕೋಣೆ, ಇಷ್ಟೇ ಕೇಳಿ. ಇಷ್ಟು ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಇನ್ನು ಗುಂಪಿನ ಒಳಗಿನ ಮಾತು. ನಮ್ಮ ಧರ್ಮಕೇಂದ್ರದ ವಿದ್ಯಾರ್ಥಿ ಗುಂಪು ಗುರುವಾರ ಸಂಜೆ ಸೇರುತ್ತದೆ. ಪ್ಲಾಸ್ಟಿಕ್ ಕುರ್ಚಿ, ಎದುರಿನ ಅಂಗಡಿಯ ವಡಾಪಾವ್, ಮುಂದಿನ ಭಾನುವಾರದ ಶುಭಸಂದೇಶ, ಅಷ್ಟೇ. ಬೆಳಗಾವಿಯ ಒಬ್ಬಳು ಹುಡುಗಿ ಹಿಂದಿನ ಸಾಲಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತಿರುತ್ತಾಳೆ. ಅದು ಹಾಜರಿ ಪುಸ್ತಕ ಅಲ್ಲ. ಯಾರಿಗೆ ಜ್ವರ, ಯಾರ ಪೇಪರ್ ಹೋಯಿತು, ಯಾರ ತಂದೆಗೆ ಆಪರೇಷನ್, ಯಾರ ಮೆಸ್ ದುಡ್ಡು ಬಾಕಿ ಅಂತ ಬರೆದುಕೊಳ್ಳುತ್ತಾಳೆ. ಬಾರದವರಿಗೆ ಆವತ್ತೇ ರಾತ್ರಿ ಫೋನ್. ‘ಯಾಕೆ ಬರಲಿಲ್ಲ’ ಅಂತ ಕೇಳುವುದಿಲ್ಲ, ‘ಹೇಗಿದ್ದೀಯ’ ಅಂತ ಕೇಳುತ್ತಾಳೆ. ಆ ಗುಂಪು ಉಳಿದಿರುವುದು ಅವಳ ನೋಟ್‌ಬುಕ್‌ನಿಂದ, ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ಮಾಡುವ ದೊಡ್ಡ ಕಾರ್ಯಕ್ರಮದಿಂದ ಅಲ್ಲ. ನೀವೂ ವಾರ, ಗಂಟೆ ಬದಲಿಸಬೇಡಿ. ಬಾರದ ಇಪ್ಪತ್ತನಾಲ್ಕು ಜನರ ಹೆಸರನ್ನು ಆರು ಜನ ಹಂಚಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ.

ಜೊತೆಗೆ ಏನಾದರೂ ಕೆಲಸ ಹಿಡಿಯಿರಿ, ಬರೀ ಹಾಡು ಪ್ರಾರ್ಥನೆ ಸಾಲದು. 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಪಿಯರ್ ಜಾರ್ಜಿಯೋ ಫ್ರಾಸಾತಿ ಇಟಲಿಯ ಟ್ಯೂರಿನ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಅಲ್ಲಿನ ಕಥೋಲಿಕ ವಿದ್ಯಾರ್ಥಿ ಸಂಘದ ಸದಸ್ಯ. ತಂದೆ ದೊಡ್ಡ ಪತ್ರಿಕೆಯ ಮಾಲೀಕ. ಮಗ ಮಾತ್ರ ಬಡವರ ಮನೆಗಳಿಗೆ ಔಷಧಿ ಹೊತ್ತು ತಿರುಗುತ್ತಿದ್ದ. 1925ರಲ್ಲಿ, 24ನೇ ವಯಸ್ಸಿನಲ್ಲಿ, ಪೋಲಿಯೋದಿಂದ ಸಾಯುವ ಮುಂಚೆ ಸ್ವಾಧೀನ ತಪ್ಪಿದ ಕೈಯಲ್ಲಿ ಒಂದು ಚೀಟಿ ಬರೆದ. ಒಬ್ಬ ಬಡ ರೋಗಿಗೆ ಇಂಜೆಕ್ಷನ್ ತಲುಪಿಸಿ ಅನ್ನುವುದೇ ಅದರಲ್ಲಿದ್ದದ್ದು. ಡಿಗ್ರಿ ಮುಗಿದಿರಲಿಲ್ಲ. ನಿಮ್ಮ ಗುಂಪಿನಲ್ಲಿ ಅವನ ಬಗ್ಗೆ ಮಾತಾಡಿ, ನಿಮ್ಮ ವಯಸ್ಸಿನವನೇ.

ಪ್ರಶ್ನೆ: ಬಿ.ಎಸ್ಸಿ. ಮೂರನೇ ವರ್ಷ. ವಿಜ್ಞಾನ ಓದಿದ ಹಾಗೆಲ್ಲ ದೇವರ ಬಗ್ಗೆ ಪ್ರಶ್ನೆಗಳು ಬರುತ್ತವೆ. ಪ್ರಾರ್ಥನಾ ಗುಂಪಿನಲ್ಲಿ ಕೇಳಿದರೆ ‘ಸುಮ್ನೆ ನಂಬು’ ಅಂತಾರೆ. ಗುಂಪು ಬಿಡಲಾ?

ಉತ್ತರ: ಬಿಡಬೇಡ, ಪ್ರಶ್ನೆಯನ್ನೂ ಬಿಡಬೇಡ. ‘ಸುಮ್ನೆ ನಂಬು’ ಅನ್ನುವುದು ಧರ್ಮಸಭೆಯ ಉತ್ತರ ಅಲ್ಲ, ಉತ್ತರ ಗೊತ್ತಿಲ್ಲದವರು ಗಾಬರಿಯಲ್ಲಿ ಹೇಳುವುದು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ಬರೆದ ಜಾರ್ಜ್ ಲಮೆತ್ರ್ ಕಥೋಲಿಕ ಗುರು. ದೂರ ಯಾಕೆ, ನಮ್ಮ ಧೋಬಿ ತಲಾವ್‌ನ ಸೇಂಟ್ ಝೇವಿಯರ್ಸ್ ಕಾಲೇಜಿಗೇ ಹೋಗು. ಅಲ್ಲಿ ಬ್ಲಾಟರ್ ಹರ್ಬೇರಿಯಂ ಇದೆ, ಒಣಗಿಸಿ ಅಂಟಿಸಿಟ್ಟ ಸಸ್ಯಗಳ ದೊಡ್ಡ ಸಂಗ್ರಹ. ಆ ಹೆಸರು ಯೇಸುಸಭೆಯ ಗುರು, ಸಸ್ಯವಿಜ್ಞಾನಿ ಎಥೆಲ್ಬರ್ಟ್ ಬ್ಲಾಟರ್ ಅವರದ್ದು. ಅದೇ ಕಾಲೇಜಿನಲ್ಲಿ ಪಾಠ ಮಾಡಿದ ಇನ್ನೊಬ್ಬ ಗುರು ಸಾಂತಾಪಾವ್ ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣೆಯ ನಿರ್ದೇಶಕರಾದರು. ಬೆಳಗ್ಗೆ ಪೂಜೆ ಮಾಡಿ ಆಮೇಲೆ ಹುಲ್ಲಿನ ಜಾತಿ ಗುರುತಿಸಲು ಹೋಗುತ್ತಿದ್ದವರು ಇವರು. ಎರಡರ ನಡುವೆ ಒಂದನ್ನು ಬಿಡಬೇಕು ಅಂತ ಅವರಿಗೆ ಅನಿಸಲಿಲ್ಲ.

ಇದರಿಂದ ನಿನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ, ನನಗೆ ಗೊತ್ತು. ಆದರೆ ಇಂಥ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಸಿಕೊಳ್ಳುವ ಗುರುಗಳು, ಸಿಸ್ಟರ್‌ಗಳು ಈ ಊರಿನಲ್ಲಿ ಇದ್ದಾರೆ. ಕಾಲೇಜುಗಳಲ್ಲಿ ತತ್ವಶಾಸ್ತ್ರ, ವಿಜ್ಞಾನ ಕಲಿಸುವವರನ್ನು ಹುಡುಕಿ ಸಮಯ ಕೇಳು. ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗು, ಎದುರಿಗೆ ಕೂತಾಗ ಅರ್ಧ ಮರೆತು ಹೋಗುತ್ತದೆ.

ಪ್ರಶ್ನೆ: ಬೂದಿ ಬುಧವಾರ ಹಾಸ್ಟೆಲ್ ಮೆಸ್‌ನಲ್ಲಿ ಚಿಕನ್ ಇದ್ದರೆ ಏನು ಮಾಡುವುದು? ಉಪವಾಸ ಅಂದರೆ ಏನೂ ತಿನ್ನಬಾರದೇ?

ಉತ್ತರ: ಚಿಕನ್ ಬಿಟ್ಟು ಬೇಳೆ ಅನ್ನ ತಿನ್ನಿ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾಂಸ ಇಲ್ಲ, 14 ತುಂಬಿದ ಎಲ್ಲರಿಗೂ. ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ ತಿನ್ನಬಹುದು. ಕಾಯಿಲೆ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಆವತ್ತೇ ಪ್ರಾಕ್ಟಿಕಲ್ ಪರೀಕ್ಷೆ ಇದ್ದು ತಲೆ ಸುತ್ತುತ್ತದೆ ಅಂತ ಭಯವಿದ್ದರೆ ಮೊದಲೇ ನಿಮ್ಮ ಗುರುಗಳನ್ನು ಕೇಳಿ. ಮೆಸ್‌ನವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಬೇಳೆ ಸ್ವಲ್ಪ ಜಾಸ್ತಿ ಮಾಡಿರುತ್ತಾರೆ.