ಮದ್ದು ಬಿಟ್ಟ ಗುಡ್ಡ, ಗೆದ್ದ ಕೇಸು

‘ಎಂಡೋಸಲ್ಫಾನ್ ಕೇಸನ್ನು ಸುಪ್ರೀಂ ಕೋರ್ಟಲ್ಲೇ ಗೆದ್ದಿದ್ದೀರಲ್ಲ, ಮತ್ತೇನು ತಕರಾರು? ಬೇಕಾದರೆ ಹೊಸ ಅರ್ಜಿ ಹಾಕಲು ನನ್ನ ವಕೀಲ ಮಿತ್ರರನ್ನು ಕಳಿಸಲಾ?’ ಅಂತ ಕೇಳಿದ್ದೀರಿ. ಹೇಳ್ತೇನೆ.

ನಮ್ಮ ಕಾಸರಗೋಡು ಕಡೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಮದ್ದು ಬಿಡುವುದು’ ಅನ್ನುತ್ತೇವೆ. ಜ್ವರದ ಮಾತ್ರೆಯೂ ಮದ್ದೇ, ಎಂಡೋಸಲ್ಫಾನ್ ಅನ್ನುವ ಕೀಟನಾಶಕವೂ ಮದ್ದೇ. 2000ನೇ ಇಸವಿಯವರೆಗೆ, ಇಪ್ಪತ್ತು ವರ್ಷದಷ್ಟು ಕಾಲ, ಗುಡ್ಡದ ಮೇಲಿನ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಆ ಮದ್ದು ಬಿಟ್ಟರು. ಮನೆಗಳಿರುವುದು ಗುಡ್ಡದ ಬುಡದಲ್ಲಿ. ಬಾವಿ ಮುಚ್ಚಿಡಿ ಅಂತ ಹೇಳಿದರೆ ಆಯ್ತಾ? ಎಣ್ಮಕಜೆ ಕಡೆ ಎಷ್ಟೋ ಮನೆಗೆ ನೀರು ಬರುವುದು ಸುರಂಗದಿಂದ. ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ, ಒಬ್ಬ ಆಳು ಬಗ್ಗಿ ಹೋಗುವಷ್ಟು ಜಾಗ. ಒಳಗೆ ಒಸರಿದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಅದಕ್ಕೆ ಏನು ಮುಚ್ಚುತ್ತೀರಿ, ಗುಡ್ಡವನ್ನಾ?

ಇನ್ನು ಕೇಸು. ಆ ಮದ್ದಿನಿಂದ ಜನರಿಗೆ, ಮಕ್ಕಳಿಗೆ ಕಾಯಿಲೆ, ಅಂಗವೈಕಲ್ಯ ಬಂತು ಅಂತ ಹಾಕಿದ್ದು. ಹಾಸಿಗೆಯಿಂದ ಏಳಲಾಗದ ಮಗುವನ್ನು ನೋಡಿಕೊಳ್ಳುವ ತಾಯಿ ದಿಲ್ಲಿಗೆ ಹೋಗುವುದುಂಟಾ? ಅದಕ್ಕೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅಂತ ಇರುವುದು, ಅವಳ ಪರವಾಗಿ ಬೇರೆಯವರು ಹೋಗಬಹುದು. ಡಿವೈಎಫ್‌ಐ ಅನ್ನುವ ಯುವಜನ ಸಂಘಟನೆ ಹೋಯಿತು. 2011ರ ಮೇ 13ರಂದು ಇಡೀ ದೇಶದಲ್ಲಿ ಎಂಡೋಸಲ್ಫಾನ್‌ಗೆ ತಡೆ ಬಿತ್ತು. 2017ರ ಜನವರಿ 10ರಂದು ಇನ್ನೊಂದು ಆದೇಶ: ಕೇರಳ ಸರ್ಕಾರ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ 3 ತಿಂಗಳೊಳಗೆ ಕೊಡಬೇಕು.

ಆ 3 ತಿಂಗಳು ಎಷ್ಟು ಉದ್ದವಾಯಿತು ಗೊತ್ತಾ? ಕೋರ್ಟಿನ ಆದೇಶ ಪಾಲಿಸಲಿಲ್ಲ ಅಂತ ಹಾಕಿದ ನ್ಯಾಯಾಂಗ ನಿಂದನೆ ಅರ್ಜಿ 2022ರಲ್ಲಿ ವಿಚಾರಣೆಗೆ ಬಂದಾಗ ನೋಡಿದರೆ, 3,704 ಮಂದಿಯಲ್ಲಿ ಪೂರ್ತಿ ದುಡ್ಡು ಸಿಕ್ಕಿದ್ದು 8 ಜನರಿಗೆ. ಯಾರು ಆ 8 ಜನ? ನಿಂದನೆ ಅರ್ಜಿ ಹಾಕಿದವರೇ! ಕೋರ್ಟಿಗೆ ಹೋಗಲಾಗದವರಿಗೆ ಅಂತ ಹಾಕಿದ ಕೇಸಿನಲ್ಲಿ ಕೋರ್ಟಿಗೆ ಹೋದವರಿಗೆ ಮಾತ್ರ ಸಿಕ್ಕಿತು. ನ್ಯಾಯಾಧೀಶರೂ ಇದನ್ನೇ ಎತ್ತಿ ಬೈದರು, ಅರ್ಜಿದಾರರಿಗೆ ತಲಾ 50,000 ಖರ್ಚು ಬೇರೆ ಕೊಡಿಸಿದರು. ಆಮೇಲೆ ಫೈಲುಗಳಿಗೆ ಕಾಲು ಬಂತು ಅನ್ನಿ.

ಇನ್ನೊಂದು ತಮಾಷೆ, ತಮಾಷೆ ಏನು ಬಂತು, ಗಡಿ ದಾಟಿ ದಕ್ಷಿಣ ಕನ್ನಡದ ಕೊಕ್ಕಡಕ್ಕೆ ಹೋದರೆ ಅಲ್ಲೂ ಗೇರು ತೋಟ, ಅದೇ ಮದ್ದು, ಅದೇ ಥರದ ಮಕ್ಕಳು. ಆದರೆ ಅವರ ಅರ್ಜಿ ಕರ್ನಾಟಕ ಹೈಕೋರ್ಟಿನಲ್ಲಿ, ಪಟ್ಟಿ ಬೇರೆ, ಪರಿಹಾರದ ಲೆಕ್ಕವೂ ಬೇರೆ. ಅಕ್ಕ ಆಚೆ, ತಂಗಿ ಈಚೆ ಮದುವೆಯಾಗಿ ಬಂದ ಊರುಗಳು ಇವು.

ನಮ್ಮ ಪಕ್ಕದ ಮನೆಯ ಅಕ್ಕ ಮಗನ ಕಾಗದಗಳನ್ನೆಲ್ಲ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಕಚೇರಿಯಿಂದ ಮಲಯಾಳದಲ್ಲಿ ಏನಾದರೂ ಬಂದರೆ ಚೀಲದ ಸಮೇತ ನಮ್ಮಲ್ಲಿಗೆ ಬರುತ್ತಾರೆ, ಓದಿ ಹೇಳಲಿಕ್ಕೆ. ಒಂದು ಸಲ ಸಂತ್ರಸ್ತರನ್ನು ಪರೀಕ್ಷಿಸುವ ವೈದ್ಯಕೀಯ ಕ್ಯಾಂಪಿಗೆ ಕರೆದ ಕಾಗದವನ್ನು ಕ್ಯಾಂಪಿನ ದಿನ ಕಳೆದ ಮೇಲೆ ತಂದಿದ್ದರು. ಸುಮ್ನೆ ಅದನ್ನೇ ನೋಡುತ್ತಾ ಕೂತೆವು.

ನಿಮ್ಮ ವಕೀಲ ಮಿತ್ರರು ಬರುವುದಾದರೆ ಖಂಡಿತ ಬರಲಿ ಮಾರಾಯ್ರೆ. ಹೊಸ ಅರ್ಜಿಗಿಂತ ಜಾಸ್ತಿ ಇಂಥ ಚೀಲಗಳನ್ನು ಬಿಚ್ಚಿ ಕೂರುವ ಕೆಲಸ ಇದೆ. ಮಲಯಾಳ ಓದಲು ಬರುವವರೊಬ್ಬರು ಜೊತೆಗಿರಲಿ.