ಬಿಪಿ ರೋಗಿಗಳು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಮತ್ತೆ ಬರುತ್ತಿಲ್ಲ: ಪ್ರತಿಕ್ರಿಯೆ

ಕಾರಣ ಬಹುಶಃ ಒಂದು ಸಲಕ್ಕೆ ಹತ್ತೇ ದಿನದ ಮಾತ್ರೆ ಕೊಡುವುದು. ಬಿಪಿ ಮಾತ್ರೆ ಶುರು ಮಾಡಿದ ಅರ್ಧ ಜನ ಎರಡನೇ ತಿಂಗಳಿಗೆ ನಾಪತ್ತೆ, ಆಶಾ ಕಾರ್ಯಕರ್ತೆ ಹೇಳಿದರೂ ಬರುವುದಿಲ್ಲ ಎಂದಿದ್ದೀರಿ. ಹತ್ತು ಮಾತ್ರೆಗೆ ಕೂಲಿ ಬಿಟ್ಟು, ಬಸ್ಸಿಗೆ ಕಾಸು ಹಾಕಿ ತಿಂಗಳಿಗೆ ಮೂರು ಸಲ ಯಾರು ಬರುತ್ತಾರೆ? ಹೆಚ್ಚಿನವರಿಗೆ ಒಂದು ತಲೆನೋವೂ ಇರುವುದಿಲ್ಲ, ಅಲ್ವಾ.

ಮೊದಲು ವೈದ್ಯಾಧಿಕಾರಿಯ ಹತ್ತಿರ ಮಾತಾಡಿ 30 ದಿನಕ್ಕೆ ಬರೆಸಿ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಪದ್ಧತಿಯೂ ಇದೇ, ಒಪ್ಪಿಸುವುದು ಕಷ್ಟವಾಗಲಾರದು. ಆಮೇಲೆ ಫಾರ್ಮಸಿಯವರ ಜೊತೆ ಕೂತು ಇಂಡೆಂಟ್ (ಔಷಧಿ ತರಿಸುವ ಬೇಡಿಕೆ ಪಟ್ಟಿ) ಲೆಕ್ಕ ಹಾಕಿ. 200 ರೋಗಿಗಳಿಗೆ ದಿನಕ್ಕೊಂದು ಬಿಪಿ ಮಾತ್ರೆ, ಆಮ್ಲೋಡಿಪಿನ್ 5 ಎಂಜಿ, ಎಂದರೆ ತಿಂಗಳಿಗೆ 6,000 ಮಾತ್ರೆ. ಹೋದ ವರ್ಷ ಖರ್ಚಾದಷ್ಟನ್ನೇ ಬರೆದರೆ ಮತ್ತೆ ಹತ್ತು ದಿನದ ಕಥೆಯೇ. ನಿಮ್ಮಲ್ಲಿ ಸ್ಟಾಕ್ ಹೇಗಿದೆ ಎಂದು ಬರೆದಿಲ್ಲ; ಕಡಿಮೆಯಿದ್ದರೆ ಇಂಡೆಂಟ್ ಕೆಲಸವನ್ನೇ ಮೊದಲು ಮುಗಿಸಿ.

ಮುಂದಿನದು ಪ್ರತಿ ರೋಗಿಯ ಚಿಕಿತ್ಸಾ ಕಾರ್ಡ್. ರೋಗಿಯ ಕೈಯಲ್ಲಿ ಒಂದು, ನಿಮ್ಮ ಹತ್ತಿರ ಒಂದು. ನಿಮ್ಮದನ್ನು ಹೆಸರಿನ ಪ್ರಕಾರ ಅಲ್ಲ, ಮುಂದೆ ಬರಬೇಕಾದ ತಾರೀಖಿನ ಪ್ರಕಾರ ಡಬ್ಬಿಯಲ್ಲಿ ಜೋಡಿಸಿ. ಬಂದವರ ಕಾರ್ಡ್ ಮುಂದಿನ ತಿಂಗಳಿಗೆ ಸರಿಯುತ್ತದೆ. ಶನಿವಾರ ಹಿಂದೆ ಉಳಿದವೇ ಬಾರದವರ ಪಟ್ಟಿ, ಅಷ್ಟನ್ನು ಮಾತ್ರ ಆಶಾಗೆ ಕೊಡಿ. ಸುಮ್ನೆ "ಎಲ್ಲರನ್ನೂ ಕರ್ಕೊಂಡು ಬನ್ನಿ" ಎಂದರೆ ಅವರೂ ಏನು ಮಾಡಿಯಾರು!

ಬಂದವರ ಬಿಪಿಯನ್ನು ನಡೆದುಬಂದ ತಕ್ಷಣ ನೋಡಬೇಡಿ. ಐದು ನಿಮಿಷ ಬೆನ್ನು ಒರಗಿಸಿ ಕೂರಿಸಿ. ತೋಳು ಎದೆಮಟ್ಟಕ್ಕಿರಲಿ, ಸ್ವೆಟರ್ ಮೇಲೆ ಬಿಪಿ ಯಂತ್ರದ ಪಟ್ಟಿ ಕಟ್ಟಬೇಡಿ. ಆಗಲೂ 140/90 ದಾಟಿದರೆ ಹಳೇ ಮಾತ್ರೆಯನ್ನೇ ಕೊಟ್ಟು ಕಳಿಸದೆ ಅವತ್ತೇ ಡಾಕ್ಟರಿಗೆ ತೋರಿಸಿ.